ಡಿಕ್ಕಿ ತುಂಬ ಕಲ್ಲು

ಜನ ಕಾರಿನ ಡಿಕ್ಕಿಯಲ್ಲಿ ಸ್ಟೆಪ್ನಿ ಇಡುತ್ತಾರೆ, ಸಂತೆಯ ಚೀಲ ಇಡುತ್ತಾರೆ, ಹೆಂಡತಿಗೆ ಕಾಣಬಾರದ್ದನ್ನೂ ಇಡುತ್ತಾರೆ. ನನ್ನ ಸೋದರಮಾವ ಕಲ್ಲು ಇಡುತ್ತಾನೆ! ಹೌದು, ಬರೀ ಕಲ್ಲು. ಸಿಂಧನೂರಿನಲ್ಲಿ ಗೊಬ್ಬರದ ಅಂಗಡಿ ಇಟ್ಟು ಚೆನ್ನಾಗಿಯೇ ಬಾಳುತ್ತಿರುವ ಮನುಷ್ಯ. ಅವನ ತಲೆ ನೆಟ್ಟಗಿದೆ ಎಂದು ನಮ್ಮವ್ವ ಆಣೆ ಮಾಡಿ ಹೇಳುತ್ತಾಳೆ. ತಮ್ಮನಲ್ಲವೇ, ಹೇಳಲೇಬೇಕು.

ಸುಗ್ಗಿ ಬಂತೆಂದರೆ ನಮ್ಮ ಕಡೆ ಅರ್ಧ ರಸ್ತೆ ಗಾಡಿಗಳಿಗೆ, ಇನ್ನರ್ಧ ಭತ್ತಕ್ಕೆ. ಒಣಹಾಕಿದ ಭತ್ತದ ಮೇಲೆ ಯಾರೂ ಗಾಡಿ ಹಾಯಿಸಬಾರದೆಂದು ಸುತ್ತಲೂ ತಲೆಗಾತ್ರದ ಕಲ್ಲು ಸಾಲಿಡುತ್ತಾರೆ. ಸಂಜೆ ಭತ್ತ ಚೀಲ ಸೇರಿ ಮನೆಗೆ ಹೋಗುತ್ತದೆ, ಕಲ್ಲು ಅಲ್ಲೇ ಕೂತಿರುತ್ತದೆ. ಅದಕ್ಕೆ ಯಾರು ದಿಕ್ಕು? ನಮ್ಮ ಮಾಮ! ಅಂಗಡಿ ಬಾಗಿಲು ಹಾಕಿದವನೇ ಮಸ್ಕಿ ರಸ್ತೆ ಹಿಡಿಯುತ್ತಾನೆ. ಕಲ್ಲು ಕಂಡಲ್ಲಿ ಇಂಡಿಕೇಟರು, ಬ್ರೇಕು, ಧೋತರ ಎತ್ತಿ ಕಟ್ಟುವುದು, ಎತ್ತಿ ಡಿಕ್ಕಿಗೆ ಹಾಕುವುದು. ಅವನ ಮನೆಯ ಕಾಂಪೌಂಡು ಪೂರ್ತಿ ಈ ಕಲ್ಲಿನದೇ. ಈಗ ಹಿತ್ತಲಿನ ಗೋಡೆ ಏಳುತ್ತಿದೆ.

ಒಮ್ಮೆ ಗೊರೇಬಾಳದ ರೈತನೊಬ್ಬ ಅವನನ್ನು ತಡೆದ.

"ಸಾವ್ಕಾರ್ರ, ನನ್ನ ಕಲ್ಲು ಯಾಕ ಒಯ್ಯಾಕತ್ತೀರಿ?"

"ನಿಂದೇನು ಇದು?"

"ನಂದ ಮತ್ತ!"

"ಹಂಗಾದ್ರ ರೋಡಿನ್ಯಾಗ ಯಾಕ ಬಿಟ್ಟೀ? ಯಾವನರ ಬಿದ್ದು ಹಲ್ಲು ಮುರ್ಕೊಂಡ್ರ ಆ ಹಲ್ಲೂ ನಿಂದೇನು?"

ರೈತ ಬಲು ಜಾಣ. "ನಂದಲ್ಲ ಬಿಡ್ರಿ," ಎಂದ.

"ಹಂಗಾದ್ರ ನಂದು!" ಎಂದು ಮಾಮ ಎತ್ತಿಕೊಂಡ.

ಮರುದಿನ ಅದೇ ರೈತ ಅಂಗಡಿಗೆ ಬಂದು ಕಲ್ಲು ಎರವಲು ಕೇಳಿದ. ಮಾಮ ಕೊಟ್ಟ ಕೂಡ! ಸಂಜೆ ಕಲ್ಲು ವಾಪಸ್ ಬಂದರಷ್ಟೇ ಯೂರಿಯಾ ಎಂಬ ಕರಾರಿನ ಮೇಲೆ.

ನನಗೆ ಕಾರು ಕಲಿಸಿದವನೂ ಇವನೇ. ಕಲಿಸಿದ ಎನ್ನಲು ಬಾಯಿ ಬರುವುದಿಲ್ಲ, ಏಕೆಂದರೆ ಮೊದಲ ವಾರ ಸ್ಟೇರಿಂಗು ಮುಟ್ಟಿಸಲೇ ಇಲ್ಲ. ಊರ ಹೊರಗೆ ಒಯ್ದು ಕಾರಿನಿಂದ ಇಳಿಸಿದ.

"ನಡಿ ಮುಂದ."

"ಎಲ್ಲಿಗೆ ಮಾಮಾ?"

"ಎಲ್ಲಿಗ್ಯಾರ ಹೋಗಲೇ. ಮೊದ್ಲು ರೋಡು ಕಲಿ. ಗಾಡಿ ಓಡ್ಸಾಕ ಮಂಗ್ಯಾನೂ ಕಲಿತೈತಿ, ನಿಲ್ಸಾಕ ಮನಷ್ಯಾನ ಬೇಕು."

ನಾನು ನಡೆದೆ, ಅವನು ಹಿಂದೆ ಹಾರ್ನು ಹೊಡೆಯುತ್ತ ಬಂದ. ಹೊಲದವರೆಲ್ಲ ಕೆಲಸ ಬಿಟ್ಟು ನೋಡಿದರು! ಆದರೆ ಅವತ್ತೇ ಒಬ್ಬ ಬೈಕಿನವನು ಕಲ್ಲು ತಪ್ಪಿಸಲು ತಟ್ಟನೆ ಬಲಕ್ಕೆ ಹೊರಳಿದ್ದನ್ನೂ ಎದುರಿನ ಲಾರಿ ಕಿರುಚಿ ನಿಂತದ್ದನ್ನೂ ಕಣ್ಣಾರೆ ಕಂಡೆ. ಅಂದಿನಿಂದ ನನ್ನ ಕಾಲು ತಾನಾಗಿ ಬ್ರೇಕಿನ ಹತ್ತಿರವೇ ಇರುತ್ತದೆ.

ಇಂಥವನನ್ನು ಕರೆದುಕೊಂಡು ನಾನು ಮಸ್ಕಿಗೆ ಕನ್ಯೆ ನೋಡಲು ಹೋದೆ. ಅಪ್ಪ ಇಲ್ಲ, ಹಿರಿಯನೆಂದರೆ ಇವನೇ. ನನಗೋ ಮೂವತ್ತನಾಲ್ಕು ತುಂಬಿತ್ತು, ಕೂದಲು ಹಿಂದಕ್ಕೆ ಸರಿಯುತ್ತಿತ್ತು, "ಹೇಳಿ ಕಳಿಸ್ತೀವಿ" ಎಂದ ಮನೆಗಳು ಒಂದೂ ಹೇಳಿ ಕಳಿಸಿರಲಿಲ್ಲ. ಇದೂ ತಪ್ಪಿದರೆ ಮುಗಿದ ಹಾಗೇ. ಹನ್ನೊಂದಕ್ಕೆ ನಾವು ಹೋಗಬೇಕು, ಹನ್ನೆರಡಕ್ಕೆ ಲಿಂಗಸುಗೂರಿನಿಂದ ಇನ್ನೊಬ್ಬ ವರ ಬರುವವನಿದ್ದ.

"ಮಾಮಾ, ಇವತ್ತೊಂದಿನ ಕಲ್ಲು ಬ್ಯಾಡ," ಎಂದು ಕೈಮುಗಿದೆ. ಹೂಂ ಎಂದ. ಊರು ದಾಟಿ ಸ್ವಲ್ಪ ಹೋಗಿದ್ದೆವು ಅಷ್ಟೇ. "ನಿಲ್ಸಲೇ!"

"ಮಾಮಾ, ಆ ಲಿಂಗಸುಗೂರಿನಾವ..."

"ಆವ ಇನ್ನೊಂದು ಕನ್ಯಾ ನೋಡ್ತಾನ ತೊಗೋ. ಈ ಕಲ್ಲಿಗೆ ಬಿದ್ದಾವ ಇನ್ನೊಂದು ಕಾಲು ಎಲ್ಲಿಂದ ತರ್ತಾನ?"

ಹೀಗೇ ನಿಲ್ಲುತ್ತ ನಿಲ್ಲುತ್ತ ನಾವು ತಲುಪಿದಾಗ ಲಿಂಗಸುಗೂರಿನ ವರ ಇಸ್ತ್ರಿ ಮುರಿಯದ ಅಂಗಿಯಲ್ಲಿ ಉಪ್ಪಿಟ್ಟು ತಿಂದು, ಕೈತೊಳೆದು ಹೊರಡುತ್ತಿದ್ದ. ನಮ್ಮ ಮಾಮನ ಬಿಳಿ ಅಂಗಿಯ ತುಂಬ ಮಣ್ಣು.

"ಗಾಡಿ ಕೆಟ್ಟಿತ್ತೇನ್ರಿ?" ಹುಡುಗಿಯ ಅಪ್ಪ ಕೇಳಿದರು.

"ಇಲ್ರಿ, ಕಲ್ಲು ಆರ್ಸಾಕತ್ತಿದ್ದೆ."

ಮುಗಿಯಿತು ನನ್ನ ಮದುವೆ!

ಹುಡುಗಿ ಚಹಾ ತಂದಳು. ಸಿಂಧನೂರಿನ ಶಾಲೆಯೊಂದರಲ್ಲಿ ಟೀಚರು, ದಿನಾ ಸ್ಕೂಟಿಯಲ್ಲೇ ಹೋಗಿ ಬರುವವಳು. ನನ್ನ ಕಡೆ ನೋಡಲೇ ಇಲ್ಲ. ಮಾಮನ ಕೈ ನೋಡಿದಳು, ಕಿಟಕಿಯಾಚೆ ನಿಂತ ಕಾರು ನೋಡಿದಳು.

"ಹಿಂದ ಇಳಿಬಿದ್ದ ಆ ಬಿಳಿ ಕಾರು ನಿಮ್ದೇನ್ರಿ? ದಿನಾ ಸಂಜಿ ನೋಡ್ತೀನ್ರಿ."

ತಟ್ಟೆ ಕೆಳಗಿಟ್ಟು ತಂಬಿಗೆ ತಂದಳು. ಮಾಮನನ್ನು ಅಂಗಳಕ್ಕೆ ಕರೆದು ಕೈಗೆ ನೀರು ಹಾಕಿದಳು. ನಾನೂ ಹಿಂದೆಯೇ ಹೋಗಿ ನಿಂತೆ.

"ಹೋದ ವರ್ಷ ನಾನೂ ಇಂಥಾ ಕಲ್ಲಿಗೇ ಸ್ಕೂಟಿ ತಾಗಿ ಬಿದ್ದಿದ್ದೆ ರೀ. ಕಾಲು ಮುರಿದು ಹಾಸ್ಗಿ ಹಿಡಿದಿದ್ದೆ."

ಮಾಮ ಕೈ ಉಜ್ಜುವುದನ್ನು ನಿಲ್ಲಿಸಿದ. "ಯಾವಾಗ, ಯವ್ವಾ?"

"ಗೌರಿ ಹುಣ್ಣಿಮಿ ಮರುದಿನ ರೀ. ಹಳ್ಳದ ಸೇತುವಿ ಹತ್ರ."

ಅಂಗಡಿಯಲ್ಲಿ ಊರಿಗೇ ಕೇಳುವಂತೆ ಕೂಗುವ ಮನುಷ್ಯ, ಅವನ ದನಿ ನನಗೇ ಸರಿಯಾಗಿ ಕೇಳಿಸಲಿಲ್ಲ.

"ಆವಾಗ ಜ್ವರ ಬಂದು ಮಲಗಿದ್ದೆನವ್ವ. ನಾ ರೋಡಿಗೆ ಬಂದಿದ್ದಿಲ್ಲ. ತಪ್ಪಾತು ನಂದು."

ಹುಡುಗಿಯ ಕಣ್ಣು ತುಂಬಿತು. ನನ್ನ ಕಣ್ಣೂ. ಅವಳು ತಂಬಿಗೆಯಲ್ಲಿದ್ದ ನೀರನ್ನೆಲ್ಲ ಅವನ ಕೈಗೆ ಸುರಿದು, ಸೆರಗಿನಿಂದ ಕಣ್ಣೊರೆಸಿಕೊಂಡು, ಮೊದಲ ಸಲ ನನ್ನ ಕಡೆ ತಿರುಗಿದಳು.

"ಗಾಡಿ ಇವರ ಹತ್ರಾನ ಕಲ್ತೀರೇನ್ರಿ?"

ಹೌದು ಎಂದೆ. ಅವಳು ಒಳಗೆ ಹೋಗಿ, "ಅಪ್ಪಾ, ನನಗ ಈ ಮನಿ ಒಪ್ಪಿಗಿ ಐತಿ," ಎಂದಳು.