ಕೊಳ್ಳಬೇಡಿ ಎಂದ ಸಂಪಾದಕರ ಮನೆ

ನಿದ್ದೆಗಣ್ಣಿನಲ್ಲಿ ನಡೆಯುವ ಆಫೀಸಿನಲ್ಲಿ ತಮಾಷೆಗೆ ಬರವಿರುವುದಿಲ್ಲ. ಸ್ಯಾನ್ ಡಿಯೇಗೋದ ಸೊರೆಂಟೊ ವ್ಯಾಲಿಯಲ್ಲಿ ನಮ್ಮದೊಂದು ಸಣ್ಣ ಹಣಕಾಸು ವಾರಪತ್ರಿಕೆ. ನ್ಯೂಯಾರ್ಕಿನ ಷೇರುಪೇಟೆ ತೆರೆಯುವಾಗ ನಮಗಿನ್ನೂ ಬೆಳಗಿನ ಆರೂವರೆ. ಹಾಗಾಗಿ ಐದಕ್ಕೇ ಹಾಜರಿ. ಕಿಟಕಿಯಾಚೆ ಸಮುದ್ರದ ಮಂಜು, ಒಳಗೆ ಕಾಫಿಯ ಹಬೆ, ನಡುವೆ ತೂಕಡಿಸುವ ನಮ್ಮ ಸಂಪಾದಕರು. ಲಂಡನ್ನಿನ ಪೇಪರುಗಳಲ್ಲಿ ಸವೆದು ಬಂದವರು. ಮೈಸೂರಿನವಳಾದ ನಾನು ಅವರ ಕೈಕೆಳಗೆ ಕರಡು ತಿದ್ದುವವಳು. ಆ ಏಳು ವರ್ಷ ನೆನೆದರೆ ಈಗಲೂ ನಿಜವೋ ಕನಸೋ ಎನಿಸುತ್ತದೆ.

ಎರಡನೇ ಬೆಳಗು

ಸಂಪಾದಕರಿಗೆ ಕಾರು ಓಡಿಸಲು ಬರದು. ಮಧ್ಯಾಹ್ನ ಕೆಲಸ ಮುಗಿಸಿ ರೈಲು ಹತ್ತುತ್ತಿದ್ದರು. ಹಳಿ ಕಡಲ ದಂಡೆಗುಂಟ ಹೋಗುತ್ತದೆ. ಅಲೆ ನೋಡುತ್ತಾ ಕೂತರೆ ಯಾರಿಗಾದರೂ ಕಣ್ಣು ಎಳೆಯುತ್ತದೆ. ಒಂದು ದಿನ ತಮ್ಮ ಸ್ಟೇಷನ್ ದಾಟಿ ಕೊನೆಯ ನಿಲ್ದಾಣದವರೆಗೂ ನಿದ್ದೆ ಹೊಡೆದರು. ಯಾರೋ ಎಬ್ಬಿಸಿ ವಾಪಸ್ ರೈಲಿಗೆ ಹತ್ತಿಸಿದರು. ಅದರಲ್ಲೂ ನಿದ್ದೆ. ಅಭ್ಯಾಸಬಲದಿಂದ ಸೊರೆಂಟೊ ವ್ಯಾಲಿಯಲ್ಲಿ ಎಚ್ಚರವಾಗಿ, ಬೆಳಗಾಯಿತೆಂದುಕೊಂಡು ಇಳಿದು, ಸೀದಾ ಆಫೀಸಿಗೆ ಬಂದು ಕುರ್ಚಿಯಲ್ಲಿ ಕೂತರು. ಆಗ ಸಂಜೆ ನಾಲ್ಕು. ನಾನು ಬ್ಯಾಗ್ ಹೆಗಲಿಗೇರಿಸಿ ಹೊರಟಿದ್ದೆ.

"ಸಂಪಾದಕೀಯ ಬರೆಯಬೇಕು, ಒಂದು ಗಂಟೆ ಯಾರೂ ಮಾತಾಡಿಸಬೇಡಿ" ಎಂದರು.

"ಅದು ಅಚ್ಚಾಗಿ ನಿಮ್ಮ ಕಂಕುಳಲ್ಲೇ ಇದೆ ಸರ್" ಎಂದೆ.

ತೆಗೆದು ಪೂರ್ತಿ ಓದಿದರು. "ಪರವಾಗಿಲ್ಲ, ಚೆನ್ನಾಗೇ ಬರೆದಿದ್ದಾನೆ" ಎಂದರು.

ನಾಲ್ಕು ಒಳ್ಳೆಯ ಮಾತು

ಆಗ ಮನೆಗಳ ಬೆಲೆ ತಿಂಗಳಿಂದ ತಿಂಗಳಿಗೆ ಏರುತ್ತಿತ್ತು. ಇದು ಬೀಳುತ್ತದೆ, ಕೊಳ್ಳಬೇಡಿ ಎಂದು ನಮ್ಮ ಸಂಪಾದಕರು ವಾರವಾರ ಬರೆಯುತ್ತಿದ್ದರು. ಪತ್ರಿಕೆಗೆ ಬರುವ ಜಾಹೀರಾತೆಲ್ಲ ಮನೆ ಕಟ್ಟುವವರದ್ದೇ. ಪತ್ರಿಕೆಯ ಮಾಲೀಕರು ಅವರನ್ನು ಲಾಸ್ ಏಂಜಲಿಸ್‌ಗೆ ಕರೆಸಿದರು. ನಾನೇ ಡ್ರೈವ್ ಮಾಡಿದೆ. ಟ್ರಾಫಿಕ್‌ನಲ್ಲಿ ಮೂರು ಗಂಟೆ, ಪಕ್ಕದಲ್ಲಿ ಅವರ ಗೊರಕೆ.

"ಮನೆಗಳ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆಯಿರಿ" ಎಂದರು ಮಾಲೀಕರು. ಇವರು ಸಲೀಸಾಗಿ ಒಪ್ಪಿಬಿಟ್ಟಾಗ ನನಗೆ ಬೇಸರವಾಯಿತು. ಆ ವಾರದ ಸಂಪಾದಕೀಯ ಹೀಗೆ ಶುರುವಾಯಿತು: "ಮನೆಗಳು ಚೆನ್ನಾಗಿವೆ. ಕಿಟಕಿಗಳು ದೊಡ್ಡವು. ಗಾಳಿ ಬರುತ್ತದೆ. ಅಡುಗೆಮನೆ ಅಚ್ಚುಕಟ್ಟು. ಈಗ ಬೆಲೆಯ ವಿಷಯಕ್ಕೆ ಬರೋಣ."

ನಿಂಬೆಗಿಡ

ಕಾರ್ಮೆಲ್ ವ್ಯಾಲಿಯ ಒಂದು ಮನೆಯ ಮೇಲೆ ನನಗೆ ಮನಸ್ಸಾಗಿತ್ತು. ಪೊವೇಯ ಬಾಡಿಗೆ ಅಪಾರ್ಟ್‌ಮೆಂಟಿನಲ್ಲಿ ಮಲಗಿ, ಕನಸಿನಲ್ಲಿ ಅದರ ಹಿತ್ತಲಿನ ನಿಂಬೆಗಿಡಕ್ಕೆ ನೀರು ಹಾಕುತ್ತಿದ್ದೆ. ಆಫೀಸಿನ ಊಟದ ದಿನ ಸಂಪಾದಕರ ಹೆಂಡತಿಯ ಮುಂದೆಯೂ ಅದನ್ನೇ ಹೊಗಳಿದೆ. "ಬೇಡ, ಬೀಳುತ್ತದೆ" ಎಂದರು ಸಂಪಾದಕರು.

"ಅವ್ರ ಮಾತು ಕಟ್ಕೊಂಡು ಇನ್ನೆಷ್ಟು ವರ್ಷ ರೆಂಟ್ ಕೊಡೋದು?" ಅಂದರು ಮನೆಗೆ ಬಂದ ಮೇಲೆ ನಮ್ಮ ಯಜಮಾನರು.

"ತಿಳಿದೋರು ಹೇಳ್ತಿದಾರೆ, ಕಾಯೋಣ ರೀ" ಅಂದೆ. ಅಳುತ್ತಲೇ ಅಂದೆ, ಸುಳ್ಳೇಕೆ.

ಎರಡು ತಿಂಗಳಿಗೆ ಸಂಪಾದಕರ ಹೊಸ ಮನೆಗೆ ಊಟಕ್ಕೆ ಕರೆ ಬಂತು. ಹೋದರೆ ಅದೇ ಮನೆ, ಅದೇ ನಿಂಬೆಗಿಡ. ಸಂಪಾದಕರು ನನ್ನ ಮುಖ ನೋಡಲಾರದೆ, "ನನ್ನ ಹೆಂಡತಿ ನನ್ನ ಸಂಪಾದಕೀಯ ಓದುವುದಿಲ್ಲ" ಎಂದರು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎಂಬ ಗಾದೆ ಗಂಟಲವರೆಗೆ ಬಂತು, ನುಂಗಿಕೊಂಡೆ. ಯಜಮಾನರು ಪೊವೇ ತಲುಪಿ ಕಾರು ಪಾರ್ಕ್ ಮಾಡಿ, "ನಾಳೆಯಿಂದ ನೀನೂ ಓದ್ಬೇಡ" ಅಂದರು. ಅದನ್ನು ಓದುವುದಕ್ಕೇ ನನಗೆ ಸಂಬಳ ಎಂದು ನೆನಪಿಸಬೇಕಾಯಿತು.

ಆರು ತಿಂಗಳು

ಎರಡು ಸಾವಿರದ ಎಂಟರ ಹೊತ್ತಿಗೆ ಬೆಲೆ ಬಿದ್ದೇ ಬಿತ್ತು. ಜಾಹೀರಾತು ನಿಂತು ಪತ್ರಿಕೆಯೂ ಮುಚ್ಚಿತು. ಸಂಪಾದಕರು ಲಂಡನ್ನಿಗೆ ವಾಪಸ್ ಹೊರಟರು. ಮನೆ ಮಾರಲೇಬೇಕಿತ್ತು, ಕೊಳ್ಳುವವರೇ ಇಲ್ಲ. ನಾವಿಬ್ಬರೂ ಚೆಕ್‌ಬುಕ್ ಹಿಡಿದು ಹೋದೆವು. ಅವರ ಹೆಂಡತಿಯ ಮುಖ ಅರಳಿತು. ಟೀ ಬಂತು, ಬಿಸ್ಕತ್ತಿನ ತಟ್ಟೆ ಬಂತು. ಹೇಳಿದ ಬೆಲೆಯೂ ನಮ್ಮ ಕೈಗೆ ಎಟುಕುವಂತಿತ್ತು. ಅಷ್ಟರಲ್ಲಿ ನಮ್ಮ ಯಜಮಾನರು ಸುಮ್ಮನಿರಲಾರದೆ, "ಸರ್, ನಿಮ್ಮನ್ನೇ ಕೇಳ್ತೀನಿ. ಈಗ ತಗೋಬಹುದಾ?" ಎಂದರು.

ಸಂಪಾದಕರು ಹೆಂಡತಿಯನ್ನು ನೋಡಿದರು. ಚಾವಣಿ ನೋಡಿದರು. ಬೆವರು ಒರೆಸಿಕೊಂಡರು. ಕೊನೆಗೆ, "ಆರು ತಿಂಗಳು ಕಾಯಿರಿ. ಇನ್ನೂ ಬೀಳುತ್ತದೆ" ಎಂದರು.

ಅವರ ಹೆಂಡತಿ ಬಿಸ್ಕತ್ತಿನ ತಟ್ಟೆ ಎತ್ತಿಕೊಂಡರು. "ಮೂವತ್ತು ವರ್ಷ ಪೇಪರಿನಲ್ಲಿದ್ದೀರಿ. ಒಂದೇ ಒಂದು ಸುಳ್ಳು ಹೇಳಲು ಕಲಿಯಲಿಲ್ಲವಲ್ಲ" ಎಂದರು.

ಸಂಪಾದಕರ ಮೇಲಿದ್ದ ಸಿಟ್ಟೆಲ್ಲ ನನಗೆ ಅಲ್ಲೇ ಕರಗಿಹೋಯಿತು. "ಇಂಥೋರ ಮನೆ ನಂಬ್ಕೊಂಡು ತಗೋಬಹುದು ಕಣೇ" ಎಂದು ಯಜಮಾನರು ಪೆನ್ನು ತೆಗೆದರು. ತಟ್ಟೆ ವಾಪಸ್ ಬಂತು. ಆರು ತಿಂಗಳಿಗೆ ಬೆಲೆ ಇನ್ನೂ ಬಿತ್ತು.