ಎರಡು ಮೊಳೆ, ಒಂದು ಹಗ್ಗ

ಗೆರೆ ಎಳೆಯುವುದು ಕಷ್ಟವಲ್ಲ, ಎಳೆದ ಗೆರೆ ಎಳೆದ ಹಾಗೇ ಇರುವುದು ಕಷ್ಟ. ಗಣಿತದ ಮಾಷ್ಟ್ರಾದ ನಾನು ಇದನ್ನು ಕಲಿತದ್ದು ಮೂಡಬಿದಿರೆಯ ಬಾಡಿಗೆ ಮನೆಯ ಅಂಗಳದಲ್ಲಿ.

ಹೆಂಡತಿ ಚೊಚ್ಚಲ ಬಸುರಿ. ಅವಳನ್ನು ಹೆರಿಗೆಗೆ ಕರೆದೊಯ್ಯಲು ನಾರಾವಿಯಿಂದ ಅತ್ತೆ ಬರುವವರಿದ್ದರು. ಬಾಣಂತನ ಮುಗಿದೊಡನೆ ತಾಯಿ ಮಗುವನ್ನು ಕಳಿಸುವುದೋ, ವರ್ಷ ತುಂಬುವವರೆಗೆ ಅಲ್ಲೇ ಇರಿಸಿಕೊಳ್ಳುವುದೋ ಎಂದು ನಮ್ಮ ಮನೆ ನೋಡಿ ತೀರ್ಮಾನಿಸುತ್ತಾರಂತೆ. "ಬಟ್ಟೆ ಒಣಗಿಸಲು ಒಂದು ಹಗ್ಗವೂ ಇಲ್ಲ. ಅಮ್ಮ ಮೊದಲು ನೋಡುವುದೇ ಅದನ್ನು. ತುಳಸಿಯ ಮೇಲೆ ಒದ್ದೆ ಬಟ್ಟೆ ನೇತಾಡಿದರಂತೂ ಮುಗಿಯಿತು" ಎಂದಳು ಹೆಂಡತಿ.

ಮನೆಯ ಯಜಮಾನರು ಮುರಕಲ್ಲಿನ ಗೋಡೆಗೆ ಎರಡೇ ಮೊಳೆ ಹೊಡೆಯಲು ಒಪ್ಪಿದ್ದರು. ನನಗೆ ಖುಷಿಯೇ ಆಯಿತು. ಸರಳರೇಖೆಗೆ ಅದಕ್ಕಿಂತ ಹೆಚ್ಚು ಯಾಕೆ? ಅಡುಗೆಮನೆಯ ಗೋಡೆಯೂ ಬಚ್ಚಲಿನ ಗೋಡೆಯೂ ಒಂದು ಮೂಲೆಯಲ್ಲಿ ಕೂಡುತ್ತಿದ್ದವು. ಮೂಲೆಯಿಂದ ಅಡುಗೆಮನೆಯ ಕಡೆ ಹನ್ನೆರಡು ಅಡಿ, ಬಚ್ಚಲಿನ ಕಡೆ ಒಂಬತ್ತು ಅಡಿ. (ಮೀಟರು ಬಂತು ಎನ್ನುತ್ತಿದ್ದರು, ನಮ್ಮ ಅಂಗಳಕ್ಕೆ ಬಂದಿರಲಿಲ್ಲ.) ಇವೇ ಅಂತಃಖಂಡಗಳು, ಎಂದರೆ ಗೆರೆ ಎರಡು ಗೋಡೆಗಳನ್ನು ಮುಟ್ಟುವ ದೂರಗಳು. ಎಕ್ಸನ್ನು ಹನ್ನೆರಡರಿಂದ, ವೈಯನ್ನು ಒಂಬತ್ತರಿಂದ ಭಾಗಿಸಿ ಕೂಡಿಸಿದರೆ ಒಂದು. ಅದೇ ಹಗ್ಗದ ಸಮೀಕರಣ. ತುಳಸಿ ಇದ್ದದ್ದು ಮೂಲೆಯಿಂದ ಅಡುಗೆಮನೆಯ ಕಡೆಗೆ ನಾಲ್ಕು, ಬಚ್ಚಲಿನ ಕಡೆಗೆ ಆರು ಅಡಿಯಲ್ಲಿ. ಹನ್ನೆರಡರಲ್ಲಿ ನಾಲ್ಕು, ಒಂಬತ್ತರಲ್ಲಿ ಆರು. ಕೂಡಿಸಿದರೆ ಸರಿಯಾಗಿ ಒಂದು! ಹಗ್ಗ ತುಳಸಿಯ ನೆತ್ತಿಯ ಮೇಲೇ. ಇಷ್ಟು ಚೊಕ್ಕವಾಗಿ ಭಾಗವಾಗುವ ಅಂಕಿಗಳನ್ನು ನೆನಪು ಕೊಟ್ಟರೆ ನನಗೆ ಗುಮಾನಿ. ನಡುವೆ ಪಾಠಪುಸ್ತಕ ನುಸುಳಿರಬೇಕು.

"ಮೊಳೆ ಹೊಡೆಯುವ ಮೊದಲೇ ತಿಳಿಯಿತು ನೋಡು!" ಎಂದೆ.

"ಹಗ್ಗ ಹಿಡಿದು ನೋಡಿದರೂ ತಿಳೀತಿತ್ತು ಮಾರಾಯ್ರೇ."

ಬಚ್ಚಲಿನ ಕಡೆಯ ಒಂಬತ್ತನ್ನು ಹನ್ನೆರಡು ಮಾಡಿದೆ. ಮೊತ್ತ ಒಂದಕ್ಕಿಂತ ಕಡಿಮೆಯಾಯಿತು. ತುಳಸಿ ಮೂಲೆಯ ಕಡೆ ಕ್ಷೇಮ, ಹಗ್ಗ ಆಚೆ.

ಅತ್ತೆ ಬಂದರು, ಮಿಂದರು, ತಮ್ಮ ಉದ್ದನೆಯ ಸೀರೆಯನ್ನು ಹಿಂಡಿ ನನ್ನ ರೇಖೆಯ ಮೇಲೆ ಹರವಿದರು. ರೇಖೆ ಮೆಲ್ಲನೆ ಜೋತುಬಿತ್ತು. ಸೀರೆಯ ಅಂಚು ಸೆಗಣಿ ಸಾರಿಸಿದ ಅಂಗಳ ಮುಟ್ಟಿತು. ಎಕ್ಸ್, ವೈ ಎರಡೂ ನೆಲದ ಅಳತೆಗಳು. ಮೇಲೆ ಕೆಳಗೆ ಎಂಬುದೂ ಒಂದು ಉಂಟೆಂದು ನನಗೆ ಹೊಳೆದೇ ಇರಲಿಲ್ಲ. ಹೆಂಡತಿ ನನ್ನನ್ನು ನೋಡಿದಳು. ನಾನು ಮೊಳೆಯನ್ನು ನೋಡಿದೆ.

"ಮಾಷ್ಟ್ರ ಹಗ್ಗ ನನ್ನ ಸೀರೆಗೆ ಸಾಲದು" ಎಂದರು ಅತ್ತೆ, ಅಂಚನ್ನು ಎತ್ತಿ ಮಡಚುತ್ತಾ. ಆಮೇಲೆ ತುಳಸಿಯನ್ನೂ ಹಗ್ಗವನ್ನೂ ಮತ್ತೊಮ್ಮೆ ನೋಡಿದರು. "ಮಗುವಿನ ಬಟ್ಟೆಗೆ ಧಾರಾಳ ಆಯ್ತು. ಮೂರು ತಿಂಗಳಿಗೆ ಕಳಿಸ್ತೇನೆ. ಅಷ್ಟರೊಳಗೆ ಸ್ವಲ್ಪ ಬಿಗಿ ಮಾಡಿ."

ಇಂದಿಗೂ ಬೋರ್ಡಿನ ಮೇಲೆ ಎರಡು ಅಂತಃಖಂಡ ಗುರುತಿಸಿ ಗೆರೆ ಎಳೆಯುವಾಗ ನನ್ನ ಕೈ ನಡುವೆ ತುಸು ಕೆಳಗಿಳಿಯುತ್ತದೆ. "ಸಾರ್, ಸೊಟ್ಟ!" ಎನ್ನುತ್ತಾರೆ ಮಕ್ಕಳು. ಇರಲಿ ಬಿಡಿ ಎನ್ನುತ್ತೇನೆ, ಅದರ ಮೇಲೆ ಬಟ್ಟೆ ಉಂಟು.