ಬಿಯರಿಗೂ ಚಳಿಯಾಗುತ್ತದೆ

ಕೆಲವರ ಮನೆಯಲ್ಲಿ ವರ್ಷಕ್ಕೊಂದು ಫಜೀತಿ ನಡೆದರೆ ಹೆಚ್ಚು. ನಮ್ಮ ಮನೆಯಲ್ಲಿ ಚಳಿಗಾಲ ಬಂತೆಂದರೆ ವಾರಕ್ಕೊಂದು ಗ್ಯಾರಂಟಿ. ಅಷ್ಟಕ್ಕೂ ಮೂಲ ಒಂದು ಬಿಯರ್ ಬಕೆಟ್ಟು.

ನಾನು ಸ್ವೀಡನ್ನಿನ ಸ್ಟಾಕ್‌ಹೋಮಿಗೆ ಅಂಟಿಕೊಂಡಿರುವ ಸೋಲ್ನಾದ ಒಂದು ಐಟಿ ಕಂಪನಿಯಲ್ಲಿ ದುಡಿಯುವವನು. ನನ್ನ ಹೆಂಡತಿಗೆ ಓರೆಬ್ರೂ ಊರಿನ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ. ನಡುವೆ ಎರಡು ಗಂಟೆಯ ರೈಲು. ಶುಕ್ರವಾರ ಸಂಜೆ ಬರುತ್ತಾಳೆ, ಭಾನುವಾರ ಸಂಜೆ ಹೊರಟು ನಿಲ್ಲುತ್ತಾಳೆ. ಎರಡು ವರ್ಷದಿಂದ ನಮ್ಮದು ಶನಿವಾರದ ಸಂಸಾರ. ಸ್ಟಾಕ್‌ಹೋಮಿನಲ್ಲಿ ಎಲ್ಲಿ ಲ್ಯಾಬ್ ಕೆಲಸ ಖಾಲಿ ಇದ್ದರೂ ಅರ್ಜಿ ಹಾಕುತ್ತಾಳೆ. ಉತ್ತರ ಬರುವವರೆಗೆ ಇಬ್ಬರೂ ಜೀವ ಕೈಯಲ್ಲಿ ಹಿಡಿದುಕೊಂಡಿರುತ್ತೇವೆ.

ಮದುವೆಗೆ ಮುಂಚೆ ಬೆಂಗಳೂರಿನಲ್ಲಿ ನಾವು ಭೇಟಿಯಾಗುತ್ತಿದ್ದ ಪಬ್ಬಿನಲ್ಲಿ ಕಿತ್ತಳೆ ಸಿಪ್ಪೆ, ಕೊತ್ತಂಬರಿ ಬೀಜ ಹಾಕಿದ ಗೋಧಿ ಬಿಯರ್ ಕೊಡುತ್ತಿದ್ದರು. "ಆ ರುಚಿ ಇಲ್ಲಿ ಎಲ್ಲೂ ಸಿಗಲ್ಲ ಕಣೋ" ಎಂದು ಅವಳು ಒಮ್ಮೆ ಹೇಳಿದ್ದೇ ತಡ, ನಾನು ಮನೆಯಲ್ಲೇ ಬಿಯರ್ ಮಾಡುವ ಬಕೆಟ್ ಕೊಂಡು ತಂದೆ. ಅವಳು ಗಂಟುಮೂಟೆ ಕಟ್ಟಿಕೊಂಡು ಖಾಯಮ್ಮಾಗಿ ಸೋಲ್ನಾಕ್ಕೆ ಬರುವ ದಿನ ಆ ಬಿಯರನ್ನು ಅವಳ ಕೈಗಿಡಬೇಕು. ನನ್ನ ಆಸೆ ಅಷ್ಟೇ. ಆದರೆ ಬಿಯರ್ ಹುದುಗು ಬರಬೇಕಾದರೆ ಯೀಸ್ಟ್ ಎಚ್ಚರವಾಗಿರಬೇಕು, ಯೀಸ್ಟ್ ಎಚ್ಚರವಾಗಿರಬೇಕಾದರೆ ಬಕೆಟ್ ಬೆಚ್ಚಗಿರಬೇಕು. ಜನವರಿಯಲ್ಲಿ, ಈ ದೇಶದಲ್ಲಿ!

ಹೀಟರ್ ನೋಡಲು ಬಂದವನು

ನಮ್ಮದು ಹಳೇ ಕಟ್ಟಡ. ಕಿಟಕಿ ಕೆಳಗಿನ, ಬಿಸಿನೀರು ಹರಿಯುವ ಹೀಟರ್ ಮುಟ್ಟಿದರೆ, ಬಿಸಿಯೋ ತಣ್ಣಗೋ ಎಂದು ಅದಕ್ಕೇ ಇನ್ನೂ ತೀರ್ಮಾನವಾಗಿಲ್ಲ ಅನ್ನಿಸುತ್ತದೆ. ಹೋದ ವರ್ಷ ನನ್ನವಳು ಚಳಿ ತಡೆಯಲಾರದೆ ಕಟ್ಟಡದವರಿಗೆ ದೂರು ಕೊಟ್ಟಿದ್ದಳು. ಎಷ್ಟೋ ದಿನ ಬಿಟ್ಟು ಒಬ್ಬ ಬಂದ. ಕೋಣೆಯ ನಡುವೆ ಥರ್ಮಾಮೀಟರ್ ಹಿಡಿದ. "ಇಪ್ಪತ್ತು ಡಿಗ್ರಿ. ಸರಿಯಾಗೇ ಇದೆ. ಉಣ್ಣೆ ಸಾಕ್ಸ್ ಹಾಕಿಕೊಳ್ಳಿ" ಎಂದು ಹೇಳಿ ಹೋದ.

ಈ ವರ್ಷ ನಾನು ದೂರು ಕೊಟ್ಟೆ. ಅದೇ ಮನುಷ್ಯ, ಅದೇ ಥರ್ಮಾಮೀಟರ್, ಅದೇ ಇಪ್ಪತ್ತು. ಸಾಕ್ಸ್ ಮಾತು ಇನ್ನೇನು ಬಾಯಿಗೆ ಬರಬೇಕು, ಮೂಲೆಯಲ್ಲಿದ್ದ ಬಕೆಟ್ ಅವನ ಕಣ್ಣಿಗೆ ಬಿತ್ತು. ಮುಚ್ಚಳದ ಮೇಲೆ ನೀರು ತುಂಬಿದ ಪುಟ್ಟ ಕೊಳವೆ ಇರುತ್ತದೆ. ಹುದುಗು ಬರುವಾಗ ಒಳಗಿನ ಗಾಳಿ ಅದರ ಮೂಲಕ ಗುಳುಕ್ ಗುಳುಕ್ ಎನ್ನುತ್ತ ಹೊರಗೆ ಬರಬೇಕು. ಅವನು ಮಂಡಿಯೂರಿ ಕೂತು ಕಿವಿಗೊಟ್ಟ. ಸದ್ದಿಲ್ಲ.

"ಗೋಧಿ ಬಿಯರಾ?" ಎಂದ.

"ಹೌದು."

"ಅಯ್ಯೋ, ಇದಕ್ಕೆ ಇಪ್ಪತ್ತು ಎಲ್ಲಿ ಸಾಕಾಗುತ್ತೆ!"

ಜೇಬಿನಿಂದ ಕೀ ತೆಗೆದು ಹೀಟರಿನಲ್ಲಿ ಸಿಕ್ಕಿಕೊಂಡಿದ್ದ ಗಾಳಿಯನ್ನು ಹೊರಬಿಟ್ಟ. ಮರುದಿನ ಮನೆಯಿಂದ ಒಂದು ಹಳೇ ಕಂಬಳಿ ತಂದು ತಾನೇ ಬಕೆಟ್ಟಿಗೆ ಸುತ್ತಿದ. ಇದನ್ನೆಲ್ಲ ಫೋನಿನಲ್ಲಿ ಹೆಂಡತಿಗೆ ವರದಿ ಮಾಡಿದೆ.

"ಮುಂದಿನ ಜನ್ಮದಲ್ಲಿ ಬಕೆಟ್ ಆಗಿ ಹುಟ್ತೀನಿ ಬಿಡು" ಎಂದಳು.

ಹಾಸಿಗೆಯಲ್ಲಿ ಯಾರು?

ಕಂಬಳಿಯೂ ಸಾಲಲಿಲ್ಲ. ಹೊರಗೆ ಮೈನಸ್ ಹದಿನೈದಾದಾಗ ಬಕೆಟ್ ಮತ್ತೆ ಮೌನವ್ರತ ಹಿಡಿಯಿತು. ಮನೆಯಲ್ಲಿ ಎಲ್ಲಕ್ಕಿಂತ ಬೆಚ್ಚಗಿನ ಜಾಗ ಯಾವುದೆಂದು ಯೋಚಿಸಿದೆ. ಹಾಸಿಗೆ. ಅದರಲ್ಲೂ ಅವಳ ಮಗ್ಗುಲು, ಏಕೆಂದರೆ ಎಲೆಕ್ಟ್ರಿಕ್ ಕಂಬಳಿ ಇರುವುದು ಆ ಕಡೆ. ಭಾನುವಾರ ರಾತ್ರಿಯಿಂದ ಗುರುವಾರ ರಾತ್ರಿಯವರೆಗೆ ಆ ಮಗ್ಗುಲು ಖಾಲಿ. ಆ ಕಡೆ ತಿರುಗಿ ಮಲಗುವುದನ್ನೇ ನಾನು ಬಿಟ್ಟಿದ್ದೆ. ಬಕೆಟ್ಟನ್ನು ಅಲ್ಲಿ ನಿಲ್ಲಿಸಿ, ಸುತ್ತ ದಿಂಬು ಒತ್ತಿ, ಮೇಲೆ ಅವಳ ರಜಾಯಿ ಹೊದಿಸಿದೆ.

ಊಟದ ಹೊತ್ತಿಗೆ ಅವಳ ವಿಡಿಯೋ ಕಾಲ್ ಬಂತು. ಮಾತಾಡುತ್ತ ಮಾತಾಡುತ್ತ ಚಾರ್ಜರ್ ತೆಗೆದುಕೊಳ್ಳಲು ಮಲಗುವ ಕೋಣೆಗೆ ಹೋದೆ.

"ನಿಲ್ಲು. ಸ್ವಲ್ಪ ಹಿಂದೆ ತಿರುಗಿಸು. ನನ್ನ ಜಾಗದಲ್ಲಿ ಯಾರದು?"

ರಜಾಯಿಯೊಳಗೆ ಯಾರೋ ಮಂಡಿ ಮಡಚಿಕೊಂಡು ಮಲಗಿದ್ದಂತೆಯೇ ಕಾಣುತ್ತಿತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ, ದಿನವಿಡೀ ಉಸಿರೆತ್ತದ ಬಕೆಟ್ಟು ಒಳಗಿನಿಂದ 'ಗುಳುಕ್' ಎಂದಿತು.

"ಗೊರಕೆ ಬೇರೆ!" ಎಂದಳು.

ರಜಾಯಿ ಸರಿಸಿ ತೋರಿಸಿದೆ. ನಗುತ್ತಾಳೆ ಅಂದುಕೊಂಡಿದ್ದೆ. ನಕ್ಕಳು ಕೂಡ, ಆದರೆ ನಗು ಅರ್ಧಕ್ಕೇ ನಿಂತಿತು. "ಅದಕ್ಕೆ ನನ್ನ ರಜಾಯಿ, ನನ್ನ ದಿಂಬು. ನಾನಿಲ್ಲಿ ಎರಡೆರಡು ಸಾಕ್ಸ್ ಹಾಕ್ಕೊಂಡು ಮುದುರಿಕೊಂಡಿದೀನಿ" ಎಂದಳು. ನೀನು ಬಾ, ಬಕೆಟ್ಟನ್ನು ಈಗಲೇ ಬಿಸಾಕುತ್ತೇನೆ ಎಂದೆ.

"ಬೇಡ ಬೇಡ. ನಾನು ಬರೋವರೆಗೂ ಜಾಗ ಹಿಡಿದಿಟ್ಟಿರಲಿ. ಬಸ್ಸಲ್ಲಿ ಟವೆಲ್ ಹಾಕಲ್ವಾ, ಹಾಗೆ."

ಜೋಡಿ

ನಮ್ಮ ಮೇಲಿನ ಮಹಡಿಯಲ್ಲಿ ಧಾರವಾಡ ಕಡೆಯ ಒಂದು ಕುಟುಂಬವಿದೆ. ಆ ಮನೆಯ ಅಕ್ಕ ನಮ್ಮೆದುರು ಬೆಂಗಳೂರು ಕನ್ನಡವನ್ನೇ ಆಡುತ್ತಾರೆ, ಸಿಟ್ಟೋ ಸಂತೋಷವೋ ಬಂದಾಗ ಮಾತ್ರ ಧಾರವಾಡ ಹೊರಗೆ ಬರುತ್ತದೆ. ಒಂದು ಸಂಜೆ ದೊಡ್ಡ ಪಾತ್ರೆ ಹಿಡಿದು ಬಾಗಿಲಿಗೆ ಬಂದರು.

"ಇಡ್ಲಿ ಹಿಟ್ಟು. ಎರಡು ದಿನ ಆಯ್ತು, ಒಂಚೂರೂ ಉಬ್ಬಿಲ್ಲ. ನಿಮ್ಮನೇಲಿ ಏನೋ ಬೆಚ್ಚಗೆ ಇಡೋ ವ್ಯವಸ್ಥೆ ಇದೆಯಂತಲ್ಲ?"

ವ್ಯವಸ್ಥೆ ತೋರಿಸಲು ನಾಚಿಕೆಯಾಯಿತು. ಬಕೆಟ್ಟಿನಲ್ಲಿ ಏನಿದೆಯೆಂದು ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಬಕೆಟ್ಟನ್ನು ಒತ್ತರಿಸಿ ಪಕ್ಕದಲ್ಲೇ ಪಾತ್ರೆ ಇಟ್ಟು ಒಂದೇ ರಜಾಯಿ ಹೊದಿಸಿದೆ. ಹಾಸಿಗೆ ತುಂಬಿತು. ನಾನು ಸೋಫಾದ ಮೇಲೆ ಮಲಗಿದೆ.

ಬೆಳಿಗ್ಗೆ ಅಕ್ಕ ಬಂದು ಮುಚ್ಚಳ ತೆಗೆದರು. ಹಿಟ್ಟು ಪಾತ್ರೆಯ ಅಂಚಿಗೆ ಬಂದು ನಿಂತಿತ್ತು. ಬಕೆಟ್ಟೂ ಬಿಡುವಿಲ್ಲದೆ ಗುಳುಗುಟ್ಟುತ್ತಿತ್ತು.

"ಯವ್ವಾ, ಏನ್ ಚಂದ ಉಬ್ಬೇತ್ರೀ! ಒಬ್ಬೊಬ್ರ ಇದ್ರ ಯಾವುದೂ ಉಬ್ಬಂಗಿಲ್ಲ ನೋಡ್ರೀ. ಜೋಡಿ ಬೇಕು!"

ಅವರು ಹಿಟ್ಟಿನ ಮಾತೇ ಆಡಿದ್ದು. ನನಗೆ ಮಾತ್ರ ಎಲ್ಲೋ ತಾಗಿತು. ಮಧ್ಯಾಹ್ನ ಅವರು ಕಳಿಸಿದ ಇಡ್ಲಿಗಳನ್ನು ಒಬ್ಬನೇ ಕೂತು ತಿಂದೆ. ಮಲ್ಲಿಗೆಯ ಹಾಗೆ ಮೃದುವಾಗಿದ್ದವು, ಅವಳಿಗೆ ಎರಡಾದರೂ ಕಳಿಸುವಂತಿದ್ದರೆ ಅನ್ನಿಸಿತು. ಫೋಟೋ ಕಳಿಸಿ, ಹಾಸಿಗೆಯ ವಿಷಯವನ್ನೂ ಬರೆದೆ. ತಕ್ಷಣ ಉತ್ತರ ಬಂತು:

"ಒಂದಿತ್ತು, ಈಗ ಎರಡಾ? ನಾನು ಬರೋ ಹೊತ್ತಿಗೆ ಸೋಫಾ ಆದ್ರೂ ಖಾಲಿ ಇರುತ್ತಾ?"

ಸ್ಟೇಷನ್ನಿನಲ್ಲಿ

ಇದು ಆ ವಾರದ ಶುಕ್ರವಾರ ನಡೆದದ್ದು. ಸ್ಟಾಕ್‌ಹೋಮಿನ ಒಂದು ಲ್ಯಾಬಿನಿಂದ ಅವಳಿಗೆ ಅಂದೇ ಉತ್ತರ ಬರುವುದಿತ್ತು. ಮಧ್ಯಾಹ್ನ ನಮ್ಮ ಕಟ್ಟಡದ ಪೈಪು ಒಡೆದು ಹೀಟರುಗಳೆಲ್ಲ ನಿಂತವು, ಕರೆಂಟೂ ಹೋಯಿತು. ನಾಳೆಯವರೆಗೆ ಏನೂ ಆಗುವುದಿಲ್ಲ ಎಂದರು. ಗೋಡೆಗಳೆಲ್ಲ ತಣ್ಣಗಾಗತೊಡಗಿದವು. ಅವಳನ್ನು ಕರೆತರಲು ನಾನು ಸ್ಟಾಕ್‌ಹೋಮ್ ಸ್ಟೇಷನ್ನಿಗೆ ಹೋಗಬೇಕು, ಬಕೆಟ್ಟನ್ನು ಬಿಟ್ಟು ಹೋದರೆ ಯೀಸ್ಟ್ ಕತೆ ಮುಗಿದಂತೆ.

ಮೇಲಿನ ಅಕ್ಕ ಕಟ್ಟಡದವರನ್ನು ಬೈಯುತ್ತ, ಮಕ್ಕಳನ್ನು ಕಟ್ಟಿಕೊಂಡು ನೆಂಟರ ಮನೆಗೆ ಹೊರಟಿದ್ದರು. "ಸಣ್ಣವನ ಹಳೇ ಗಾಡಿ ಕೆಳಗೈತಿ, ತಗೊಂಡ್ ಹೋಗ್ರೀ" ಎಂದರು. ಮಗುವನ್ನು ಮಲಗಿಸಿ ತಳ್ಳುವ ದೊಡ್ಡ ಗಾಡಿ. ಬಕೆಟ್ ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು. ರಜಾಯಿ ಸುತ್ತಿ, ಫ್ಲಾಸ್ಕಿನಲ್ಲಿ ಉಳಿದಿದ್ದ ಬಿಸಿನೀರನ್ನು ಬಾಟಲಿಗೆ ತುಂಬಿ ಒತ್ತಿಟ್ಟು, ಗಾಡಿಯ ಮೇಲಿನ ಚಪ್ಪರ ಇಳಿಬಿಟ್ಟು ಲೋಕಲ್ ರೈಲು ಹತ್ತಿದೆ. ಜನ ದಾರಿ ಬಿಟ್ಟರು. ಒಬ್ಬ ಅಜ್ಜಿ ಮುಗುಳ್ನಕ್ಕು ಗಂಡೋ ಹೆಣ್ಣೋ ಎಂದು ಕೇಳಿದರು. ನಾನು ಗಡಿಬಿಡಿಯಲ್ಲಿ "ಇನ್ನೂ ಗೊತ್ತಾಗಿಲ್ಲ" ಎಂದುಬಿಟ್ಟೆ. ಮಗು ಬೆಳೆದು ತಾನೇ ಹೇಳಲಿ ಎನ್ನುವ ತಂದೆತಾಯಿಯರೂ ಈ ದೇಶದಲ್ಲಿದ್ದಾರೆ. ಅಜ್ಜಿ ತುಂಬ ಗೌರವದಿಂದ ತಲೆಯಾಡಿಸಿದರು.

ಓರೆಬ್ರೂ ರೈಲು ಬಂತು. ಇಳಿದವಳ ಮುಖ ನೋಡಿದೊಡನೆ ಉತ್ತರ ಏನೆಂದು ಗೊತ್ತಾಯಿತು. ಅವಳು ಗಾಡಿ ನೋಡಿದಳು, ನನ್ನನ್ನು ನೋಡಿದಳು, ಚಪ್ಪರ ಎತ್ತಿ ಒಳಗೆ ನೋಡಿದಳು. ನಗಲು ಹೋಗಿ ಅತ್ತಳು.

"ಸಿಗಲಿಲ್ಲ ಕಣೋ. ಇನ್ನೂ ಎಷ್ಟು ಸಲ ಅಂತ ಅರ್ಜಿ ಹಾಕಲಿ? ನಂಗೆ ಸಾಕಾಗಿದೆ."

"ಇನ್ನೊಂದು ಸಿಗುತ್ತೆ ಬಿಡು" ಎಂದೆ. ಎರಡು ವರ್ಷದಿಂದ ಅದನ್ನೇ ಹೇಳುತ್ತಿದ್ದೆ, ನನಗೇ ನಂಬಿಕೆ ಉಳಿದಿರಲಿಲ್ಲ. ಪ್ಲಾಟ್‌ಫಾರಂ ಮೇಲೆ ಹಾಗೇ ನಿಂತೆವು. ಬಕೆಟ್ಟು ಗುಳುಕ್ ಎಂದಿತು. ಅವಳು ಕಣ್ಣೊರೆಸಿಕೊಂಡು ಅದನ್ನೇ ನೋಡಿದಳು.

"ಇಷ್ಟು ಚಳೀಲಿ ಇದನ್ನ ಇಲ್ಲೀವರೆಗೆ ತಳ್ಕೊಂಡು ಬಂದೆ. ಅಂದ್ರೆ ಇದು ಸೋಲ್ನಾದಲ್ಲೇ ಇರಬೇಕು ಅಂತೇನಿಲ್ಲ."

"ಇಲ್ಲ. ಬೆಚ್ಚಗಿದ್ರೆ ಎಲ್ಲಿದ್ರೂ ಆಗುತ್ತೆ."

"ನೀನು ಆಫೀಸಿಗೆ ವಾರಕ್ಕೆ ಎಷ್ಟು ದಿನ ಹೋಗ್ತೀಯ?"

"ಎರಡು ದಿನ."

"ಮಿಕ್ಕ ದಿನ?"

"ವರ್ಕ್ ಫ್ರಮ್ ಹೋಮ್."

"ಯಾವ ಹೋಮು?"

ಅವಳು ಇಲ್ಲಿಗೆ ಬರಬೇಕು ಎಂದು ಇಬ್ಬರೂ ಎರಡು ವರ್ಷ ಕೊರಗಿದೆವೇ ಹೊರತು, ಲ್ಯಾಪ್‌ಟಾಪ್ ಎತ್ತಿಕೊಂಡು ನಾನು ಅಲ್ಲಿಗೆ ಹೋಗಬಹುದು ಎಂದು ಇಬ್ಬರಿಗೂ ಹೊಳೆದಿರಲಿಲ್ಲ. ಬೆಂಗಳೂರಿನಿಂದ ಸ್ವೀಡನ್ನಿಗೆ ಬರಲು ಒಂದು ವಾರದಲ್ಲಿ ತಯಾರಾದ ಮಹಾನುಭಾವರು ನಾವು.

"ರೂಮು ಚಿಕ್ಕದು" ಎಂದಳು. "ಆದ್ರೆ ಮೂರು ಜನ ತುಂಬಿಕೊಂಡ್ರೆ ಬೆಚ್ಚಗಾಗುತ್ತೆ. ನಡಿ."

ಅವಳು ಬಂದ ರೈಲೇ ಸ್ವಲ್ಪ ಹೊತ್ತಿನಲ್ಲಿ ವಾಪಸ್ ಹೊರಡುವುದಿತ್ತು. ಫೋನಿನಲ್ಲೇ ಟಿಕೆಟ್ ಮಾಡಿ ಗಾಡಿ ಸಮೇತ ಹತ್ತಿದೆವು. ರೈಲು ಸ್ಟಾಕ್‌ಹೋಮ್ ದಾಟಿತು. ಅವಳು ನನ್ನ ಭುಜಕ್ಕೆ ಒರಗಿ ಕೂತಿದ್ದಳು. ಶುಕ್ರವಾರ ಸಂಜೆ ಓರೆಬ್ರೂ ಕಡೆಗೆ ಹೋಗುವ ರೈಲಿನಲ್ಲಿ ನಾವಿಬ್ಬರೂ ಒಟ್ಟಿಗೆ ಕೂತದ್ದು ಅದೇ ಮೊದಲು.

ಕಂಡಕ್ಟರ್ ಬಂದ. ಬರುವಾಗಲೂ ಅವನೇ ಇದ್ದನಂತೆ, ಅವಳ ಗುರುತು ಹಿಡಿದ.

"ಈಗ ತಾನೇ ಇಳಿದಿರಲ್ಲ? ಏನಾದರೂ ಮರೆತಿದ್ದಿರಾ?"

"ಹೌದು" ಎಂದಳು, ನನ್ನ ಕಡೆ ಕೈ ತೋರಿಸಿ. "ಇವರನ್ನ ಇಲ್ಲೇ ಬಿಟ್ಟು ಹೋಗಿದ್ದೆ. ಎರಡು ವರ್ಷ ಆಯ್ತು."

ಕಂಡಕ್ಟರ್ ನನ್ನನ್ನು ನೋಡಿದ. ಚಪ್ಪರ ಇಳಿಬಿಟ್ಟ ಗಾಡಿಯನ್ನು ನೋಡಿದ. ಅವನ ಮುಖ ಬಿಳುಚಿಕೊಂಡಿತು.

"ಮಗೂನೂ?" ಎಂದ.